ಚರ್ಮ ಕಿತ್ತ ರೀಡುಗಳು

ನಲವತ್ತೊಂಬತ್ತರ ಬೇಸಿಗೆಯಲ್ಲಿ ಹುಮನಾಬಾದಿನ ನನ್ನ ಅಂಗಡಿಗೆ ಒಂದು ಸತ್ತ ಅಕಾರ್ಡಿಯನ್ ಬಂತು. ಯಾವುದೋ ಸರ್ಕಸ್ಸಿನವರು ಸೊಲ್ಲಾಪುರದ ಕಡೆ ಹೋಗುವಾಗ ಬಿಟ್ಟುಹೋದದ್ದು. ತಿದಿಯನ್ನು ಇಲಿಗಳು ತಿಂದು ಜರಡಿ ಮಾಡಿದ್ದವು, ಬೆರಳು ಒತ್ತುವ ಬಿಳಿ ಮನೆಗಳಲ್ಲಿ ಅರ್ಧ ಉದುರಿದ್ದವು. ಆದರೆ ಹಿಂಬದಿಯ ತಿರುಪು ಬಿಚ್ಚಿ ನೋಡಿದರೆ ಒಳಗೆ ಸ್ವರ ನುಡಿಸುವ ರೀಡುಗಳು ಸಾಲಾಗಿ ಮೇಣದಲ್ಲಿ ಕುಳಿತಿದ್ದವು, ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ. ನಮ್ಮ ಹಾರ್ಮೋನಿಯಂ ಪೇಟಿಗಳ ರೀಡು ಹಿತ್ತಾಳೆಯದು. ಇದು ಉಕ್ಕು, ಉಗುರು ತಗಲಿದರೆ ಸಾಕು, ಕಿಣ್ ಎನ್ನುತ್ತಿತ್ತು. ನೋಡಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ಇಂಥದು ಕಲ್ಯಾಣಿಯ ಜೀನಗಾರನ ಹತ್ತಿರ ಇಲ್ಲ ಎಂಬುದು.

ಆ ಜೀನಗಾರ ಯಾರೆಂದು ಹೇಳಬೇಕು. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ನಾವು ಬರೀ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ನಾವಿಬ್ಬರೂ ಏಳು ವರ್ಷ ಪೇಟಿ ಕೆಲಸ ಕಲಿತೆವು. ನನ್ನದು ಬಡಗಿಯ ಮನೆ, ಅವನದು ಕುದುರೆಗೆ ಜೀನು ಹೊಲಿಯುವವರ ಮನೆ. ಪೆಟ್ಟಿಗೆ ನಾನು ಮಾಡುತ್ತಿದ್ದೆ, ತಿದಿಗೆ ಚರ್ಮ ಅವನು ಅಂಟಿಸುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಯಾವ ತಕರಾರೂ ಇರಲಿಲ್ಲ. ಆದರೆ ದೇವರು ಅವನಿಗೆ ಕಿವಿ ಕೊಟ್ಟಿದ್ದ. ನಾನು ಅರ್ಧ ದಿನ ಕೂತು ಹೊಂದಿಸಿದ ರೀಡನ್ನು ಅವನು ಚಹಾದ ಕಪ್ಪು ತೊಳೆಯುತ್ತಲೇ ಕೇಳಿ, ಸ್ವರ ಒಂದು ಕೂದಲಿನಷ್ಟು ಇಳಿದದ ಎನ್ನುತ್ತಿದ್ದ. ಉಸ್ತಾದರು ಪರೀಕ್ಷಿಸುತ್ತಿದ್ದರು, ಇಳಿದೇ ಇರುತ್ತಿತ್ತು. ಅವರು ಅವನನ್ನು ಕಾನ್‌ವಾಲಾ ಎಂದೂ ನನ್ನನ್ನು ಲಕಡಿವಾಲಾ ಎಂದೂ ಕರೆಯುತ್ತಿದ್ದರು. ಪ್ರೀತಿಯಿಂದಲೇ ಕರೆಯುತ್ತಿದ್ದರು, ಚುಚ್ಚುತ್ತಿದ್ದದ್ದು ನನಗೆ ಮಾತ್ರ. ಅವನು ಕಿವಿಯವನು, ನಾನು ಮರದವನು! ಹೊಟ್ಟೆಕಿಚ್ಚು ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ಅದಕ್ಕೆ ಸ್ವಾಭಿಮಾನ ಎಂದು ಹೆಸರಿಟ್ಟುಕೊಂಡಿದ್ದೆ. ಕಲಿತು ಮುಗಿದ ಮೇಲೆ ಕಲ್ಯಾಣಿಯಲ್ಲೇ ಅಂಗಡಿ ಇಡಬಹುದಿತ್ತು. ಅವನಿರುವ ಊರಲ್ಲಿ ಎರಡನೆಯವನಾಗಿ ಇರಲಾರೆ ಎಂದು ಹುಮನಾಬಾದಿಗೆ ಬಂದೆ.

ಗಣೇಶನ ಹಬ್ಬ ಮುಗಿದ ವಾರ ಕಲ್ಯಾಣಿಯಿಂದ ಪೇಟಿ ಚಾಚಾ ಬಂದರು. ಅಲ್ಲಿಯ ದರ್ಗಾದಲ್ಲಿ ಗುರುವಾರಕ್ಕೊಮ್ಮೆ ಹಾಡುವ ಕವ್ವಾಲಿ ತಂಡಕ್ಕೆ ಇಪ್ಪತ್ತು ವರ್ಷ ಪೇಟಿ ಬಾರಿಸಿದವರು. ಹಿಂದಿನ ಚಳಿಗಾಲದಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ಅವರ ಎಡಗೈ ಮಣಿಕಟ್ಟಿನಿಂದ ಮುಂದೆ ಹೋಗಿತ್ತು. ಪೇಟಿಗೆ ಒಂದು ಕೈ ತಿದಿಗೆ ಬೇಕು, ಒಂದು ಕೈ ಮನೆಗಳಿಗೆ ಬೇಕು. ಅಣ್ಣನ ಮಗನಿಂದ ತಿದಿ ಒತ್ತಿಸಿ ನೋಡಿದ್ದರಂತೆ. ಇವರು ಸ್ವರ ಎಳೆಯಬೇಕು ಎನ್ನುವ ಹೊತ್ತಿಗೆ ಅವನು ಗಾಳಿ ಬಿಟ್ಟುಬಿಡುತ್ತಿದ್ದ.

"ಬರೇ ಕೂತು ಚಪ್ಪಾಳಿ ಹೊಡೀತೀನಿ ಅಂದ್ರೂ ಎರಡು ಕೈ ಬೇಕಪ್ಪ," ಎಂದು ಚಾಚಾ ನಕ್ಕರು. ಆ ನಗುವನ್ನು ನೋಡಲಾರದೆ ನಾನು ರೀಡು ಉಜ್ಜುವ ಅರ ಒರೆಸುತ್ತ ಕೂತೆ.

ಹಿಂದಿನ ವರ್ಷ ಹಿಂದುಸ್ತಾನದ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಆದ ಮೇಲೆ ಬಹಳ ತಿಂಗಳು ನಿಂತೇಹೋಗಿದ್ದ ಗುರುವಾರದ ಹಾಡು ಆಗಷ್ಟೇ ಮತ್ತೆ ಶುರುವಾಗಿತ್ತು. ತಂಡದ ಮುಖ್ಯಸ್ಥರು ಇನ್ನು ಎರಡು ಚಾಂದ್, ಅಂದರೆ ಎರಡು ಹೊಸ ಚಂದ್ರ ಕಾಣುವ ತನಕ, ಕಾಯುತ್ತೇವೆ, ಆಮೇಲೆ ಹೊಸ ಪೇಟಿಯವನನ್ನು ಕಾಯಂ ಮಾಡುತ್ತೇವೆ ಎಂದಿದ್ದರು. ಅಷ್ಟರೊಳಗೆ ಚಾಚಾ ಏನನ್ನಾದರೂ ಬಾರಿಸಬೇಕು, ಇಲ್ಲವೇ ಜನರ ನಡುವೆ ಕೂತು ಕೇಳಬೇಕು. ಬಜಾರಿನ ಮೌತ್ ಆರ್ಗನ್ ಊದಿ ನೋಡಿದ್ದರು. ಊದಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಅವರ ಹಾಡಿಗೆ ಬೇಕಾದ ಕೋಮಲ ಸ್ವರಗಳು ಅದರಲ್ಲಿ ಇಲ್ಲವೇ ಇಲ್ಲ. ಅದಕ್ಕೇ ನನ್ನಲ್ಲಿರುವ ಅಕಾರ್ಡಿಯನ್ನಿನ ರೀಡುಗಳಿಂದ ಬಾಯಲ್ಲಿ ಊದುವ ಒಂದು ಪೇಟಿ ಮಾಡಿಕೊಡುವೆಯಾ ಎಂದು ಕೇಳಲು ಬಂದಿದ್ದರು.

ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಲ್ಯಾಣಿಯಲ್ಲಿ ಜೀನಗಾರನನ್ನು ದಾಟಿ ನನ್ನ ಹತ್ತಿರ ಬಂದಿದ್ದಾರಲ್ಲ ಎಂದು ಚಹಾ ತರಿಸಿದೆ, ಮೇಲೆ ಪಾನು ತರಿಸಿದೆ. ಆಮೇಲೆ ಅಕಾರ್ಡಿಯನ್ನಿನ ಸುದ್ದಿ ನಿಮಗೆ ಯಾರು ಹೇಳಿದರು ಎಂದು ಕೇಳಿದೆ.

"ಜೀನಗಾರನೇ ಕಳಿಸ್ಯಾನಪ್ಪ, ಬಸ್ಸಿನವರ ಬಾಯಿಂದ ಕೇಳಿದ್ನಂತ. ರೀಡು ಹುಮನಾಬಾದಿನವನ ಬಲ್ಲಿ ಅದಾವ, ಮರದ ಕೆಲಸ ಅವನಷ್ಟು ಯಾರಿಗೂ ಬರಲ್ಲ, ಅಲ್ಲಿಗೇ ಹೋಗ್ರಿ ಅಂದ."

ಬಾಯಲ್ಲಿದ್ದ ಪಾನು ಕಹಿಯಾಯಿತು. ಅವನು ಹೊಗಳಿದ್ದು ನನ್ನ ಮರದ ಕೆಲಸವನ್ನು. ಏಳು ವರ್ಷದ ಮೇಲೆಯೂ ನಾನು ಲಕಡಿವಾಲಾನೇ.

ಮರುದಿನವೇ ಕೆಲಸ ಹಿಡಿದೆ. ಅಕಾರ್ಡಿಯನ್ನಿನ ರೀಡು ಎಂದರೆ ಬೆರಳಗಲದ ಒಂದು ಲೋಹದ ತಟ್ಟೆ, ಒಂದೊಂದು ತಟ್ಟೆಯ ಮೇಲೂ ಉಕ್ಕಿನ ಎರಡು ನಾಲಿಗೆಗಳು, ಒಂದು ಈ ಮುಖಕ್ಕೆ, ಇನ್ನೊಂದು ಆ ಮುಖಕ್ಕೆ. ಎರಡಕ್ಕೂ ಸ್ವರ ಒಂದೇ. ತಿದಿ ಒತ್ತಿದಾಗ ಒಂದು ನುಡಿಯುತ್ತದೆ, ಎಳೆದಾಗ ಇನ್ನೊಂದು. ಇದು ನಮಗೆ ದೊಡ್ಡ ಅನುಕೂಲ. ಚಾಚಾ ಊದಲಿ, ಎಳೆಯಲಿ, ಅದೇ ತೂತಿನಲ್ಲಿ ಅದೇ ಸ್ವರ ಬರುತ್ತದೆ. ತಂಡದವರ ಷಡ್ಜ ಕರಿ ಎರಡು, ಅಂದರೆ ಪೇಟಿಯ ಎರಡನೆಯ ಕಪ್ಪು ಮನೆ. ಹಿಂದಿನ ದಿನ ಚಾಚಾಗೆ ಒಳಗಿನ ತಟ್ಟೆಗಳನ್ನೆಲ್ಲ ತೋರಿಸಿ, ಅವರಿಂದ ಹಾಡಿಸಿ, ಅವರಿಗೆ ನಿಜವಾಗಿ ಬೇಕಾದ ಹದಿನೈದು ಸ್ವರಗಳನ್ನು ಮೊದಲೇ ಗುರುತು ಹಾಕಿಕೊಂಡಿದ್ದೆ. ಹದಿನೈದು ತಟ್ಟೆ ಸಾಲಾಗಿ ಇಟ್ಟರೆ ಒಂದು ಗೇಣು ಉದ್ದ. ಒಂದು ಕೈಯಲ್ಲಿ ಹಿಡಿಯಬಹುದಾದ ಅಳತೆ.

ತಟ್ಟೆಗಳನ್ನು ಬಿಸಿ ಚಾಕುವಿನಿಂದ ಮೇಣ ಬಿಡಿಸಿ ತೆಗೆದೆ. ಪ್ರತಿ ತಟ್ಟೆಯ ಎರಡೂ ಮುಖಕ್ಕೆ, ನಾಲಿಗೆಯ ಪಕ್ಕದ ಸೀಳಿನ ಮೇಲೆ, ಒಂದು ತೆಳ್ಳನೆಯ ಚರ್ಮದ ಪಟ್ಟಿ ಅಂಟಿತ್ತು. ನಮ್ಮ ಪೇಟಿಯ ರೀಡಿಗೆ ಒಂದೇ ನಾಲಿಗೆ, ಅಲ್ಲಿ ಚರ್ಮದ ಮಾತೇ ಇಲ್ಲ. ಇದು ಏನಕ್ಕೆ ಎಂದು ನನಗೆ ಗೊತ್ತಾಗಲಿಲ್ಲ. ಪೆಟ್ಟಿಗೆ ಅದುರಬಾರದೆಂದು ಹಾಕಿದ ಹೊದಿಕೆ ಇರಬಹುದೆಂದು ಎಣಿಸಿ, ತೆಗೆಯಲೋ ಬಿಡಲೋ ಎಂದು ಎರಡು ದಿನ ಹಾಗೇ ಇಟ್ಟೆ.

ಮೂರನೆಯ ದಿನ ಕಲ್ಯಾಣಿಯ ಬಸ್ಸಿನ ಡ್ರೈವರ್ ಒಂದು ಚೀಟಿ ತಂದುಕೊಟ್ಟ. ನಾವಿಬ್ಬರೂ ಉರ್ದು ಶಾಲೆಯಲ್ಲಿ ಓದಿದವರು. ಜೀನಗಾರನ ಉರ್ದು ಅಕ್ಷರ ನನ್ನದಕ್ಕಿಂತ ಚೆನ್ನಾಗಿತ್ತು, ಅದೂ ಒಂದು. ತಟ್ಟೆಯ ಮೇಲಿನ ಚರ್ಮ ಕೀಳಬೇಡ, ಬಾಯಲ್ಲಿ ಊದುವಾಗ ಅದೇ ಬೇಕು, ಎಂದು ಎರಡು ಸಾಲು ಬರೆದಿದ್ದ.

ಅಲ್ಲಿಯವರೆಗೆ ನಾನು ಏನನ್ನೂ ತೀರ್ಮಾನಿಸಿರಲಿಲ್ಲ. ಚೀಟಿ ಓದಿದ ಮೇಲೆ ತೀರ್ಮಾನಿಸಿದೆ. ಇವನು ಅಕಾರ್ಡಿಯನ್ನನ್ನು ಕಣ್ಣಿಂದ ಕಂಡವನೇ ಅಲ್ಲ, ನನಗೆ ಬುದ್ಧಿ ಹೇಳುತ್ತಾನೆ. ಜೀನು ಹೊಲಿಯುವ ಮನೆಯವನಿಗೆ ಎಲ್ಲೆಲ್ಲೂ ಚರ್ಮವೇ ಕಾಣುತ್ತದೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಬಾಯಿಗೆ ಇಡುವ ವಸ್ತುವಿನಲ್ಲಿ ಚರ್ಮ ಇರುವುದು ನಮ್ಮ ಮನೆಯಲ್ಲಿ ಬೆಳೆದವನಿಗೆ ಹೇಸಿಗೆಯ ಮಾತು. ಆ ಹೇಸಿಗೆ ನನ್ನ ಹೊಟ್ಟೆಕಿಚ್ಚಿಗೆ ಒಳ್ಳೆಯ ನೆಪವಾಯಿತು. ಹೆಂಡತಿಗೆ ಚೀಟಿ ಓದಿ ಹೇಳಿದೆ, ಅವನು ಬೇಕೆಂದೇ ದಾರಿ ತಪ್ಪಿಸುತ್ತಿದ್ದಾನೆ ಎಂದೆ. "ಕೆಲಸ ಕೊಟ್ಟು ಕಳಿಸಿದವರು ಯಾಕ್ ಕೆಡಸ್ತಾರ್ರಿ?" ಎಂದು ಅವಳು ಕೇಳಿದಳು. ಚೀಟಿಯನ್ನು ಮೇಣದ ಬಟ್ಟಲಿನ ಕೆಳಗೆ ಹಾಕಿ, ಹದಿನೈದೂ ತಟ್ಟೆಗಳ ಚರ್ಮವನ್ನು ಚಾಕುವಿನಿಂದ ಕೆರೆದು ತೆಗೆದೆ. ಎರಡೂ ಮುಖದ ಮೂವತ್ತು ಪಟ್ಟಿಗಳು. ಕಸದ ಜೊತೆ ಗುಡಿಸಿ ಹಾಕಿದೆ.

ಮರದ ಕೆಲಸ ಮಾತ್ರ ನಿಜವಾಗಿ ಚೆನ್ನಾಗಿ ಮಾಡಿದೆ. ಮೊದಲು ಸಾಗವಾನಿಯಲ್ಲಿ ತಟ್ಟೆಗೊಂದರಂತೆ ಹದಿನೈದು ಗೂಡು ಕೊರೆಯತೊಡಗಿದೆ. ಒಂಬತ್ತನೆಯದಕ್ಕೆ ಗೋಡೆ ಸೀಳಿತು. ಗೋಡೆ ತೆಳ್ಳಗಿರಬೇಕು, ಆದರೆ ಗಾಳಿ ಪಕ್ಕದ ಗೂಡಿಗೆ ಹೋಗಬಾರದು. ಎರಡನೆಯ ಸಲ ಹಳೆಯ ಬೀಟೆಯ ಬಾಗಿಲಿನ ತುಂಡು ಹುಡುಕಿ ತಂದು, ಎಳೆ ನೋಡಿ ಅಡ್ಡ ಕೊರೆದೆ. ಅದು ನಿಂತಿತು. ಜೇನುಮೇಣಕ್ಕೆ ರಾಳ ಬೆರೆಸಿ ತಟ್ಟೆಗಳನ್ನು ಕೂರಿಸಿದೆ. ರಾಳ ಹೆಚ್ಚಾಗಿ ಮೊದಲ ಎರಕ ಬಿರುಕು ಬಿಟ್ಟಿತು, ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಿದೆ. ಆಮೇಲೆ ಸ್ವರ ಹೊಂದಿಸುವುದು. ನಾಲಿಗೆಯ ಅಡಿಗೆ ಹಿತ್ತಾಳೆಯ ತೆಳು ತಗಡು ತೂರಿಸಿ, ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದು ಗೀರು ಹೆಚ್ಚಾದರೆ ಹಿಂದಕ್ಕೆ ದಾರಿಯಿಲ್ಲ. ಕಾಲಿನಿಂದ ಒತ್ತುವ ತಿದಿಯ ಮೇಜಿನ ಮೇಲೆ ಇಟ್ಟು ಹನ್ನೆರಡು ದಿನ ಹೊಂದಿಸಿದೆ. ಆ ಮೇಜಿನ ಗಾಳಿಗೆ ಬಾಯಿಪೇಟಿ ಘಂಟೆಯ ಹಾಗೆ ನುಡಿಯಿತು. ಮೇಲೆ ಹಿತ್ತಾಳೆಯ ಮುಚ್ಚಳ ಹಾಕಿ, ಅದರ ಮೇಲೆ ನನ್ನ ಹೆಸರನ್ನೂ ಹುಮನಾಬಾದಿನ ಹೆಸರನ್ನೂ ಕೊರೆದೆ.

ನನ್ನ ಸ್ವಂತ ಬಾಯಲ್ಲಿ ಒಂದೆರಡು ಸಲ ಊದಿದಾಗ ಬಿಗಿ ಅನ್ನಿಸಿತ್ತು. ಊದುವುದು ನನಗೆ ರೂಢಿಯಿಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಮೊದಲ ಚಾಂದ್ ಕಂಡ ಮರುವಾರ ಚಾಚಾ ಬಂದರು. ಬಿಸ್ಮಿಲ್ಲಾ ಹೇಳಿ ತುಟಿಗೆ ಇಟ್ಟುಕೊಂಡರು. ಷಡ್ಜ ಬಂತು, ರಿಷಭ ಬಂತು, ಮೂರನೆಯದಕ್ಕೆ ಕೆಮ್ಮು ಬಂತು. ಮತ್ತೆ ಊದಿದರು. ಕೆಳಗಿನ ಸ್ವರಗಳು ಹೊಸ್ಸೆಂದು ಗಾಳಿ ಕುಡಿದು ತಡವಾಗಿ ನುಡಿದವು, ಮೇಲಿನವು ಏಳಲೇ ಇಲ್ಲ. ಐದು ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತರು.

"ನಂದೇ ಎದಿ ಸೋತದ ಕಾಣ್ತದ," ಎಂದರು. "ಇಷ್ಟು ಛಲೋ ಮಾಡಿದ್ದಿ. ಊದೂ ತಾಕತ್ತೇ ಇಲ್ಲ ನನಗ."

ಆಗ ನಾನು ಬಾಯಿ ಬಿಡಬೇಕಿತ್ತು. ಚೀಟಿ ಅಲ್ಲೇ, ಮೇಣದ ಬಟ್ಟಲಿನ ಕೆಳಗೆ ಇತ್ತು. ಬದಲಿಗೆ ಅಭ್ಯಾಸ ಮಾಡಿದರೆ ಬರುತ್ತದೆ ಚಾಚಾ, ದಿನಾ ಬೆಳಿಗ್ಗೆ ಊದಿರಿ ಎಂದೆ. ಅವರು ಪೇಟಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು. ಒಬ್ಬ ಸೋತ ಮನುಷ್ಯನಿಗೆ ಅವನ ಸೋಲು ಅವನದೇ ತಪ್ಪು ಎಂದು ನಂಬಲು ಬಿಟ್ಟೆ. ಈ ಕಥನದಲ್ಲಿ ನನಗೆ ಬರೆಯಲು ಎಲ್ಲಕ್ಕಿಂತ ಕಷ್ಟವಾದ ಸಾಲು ಇದು.

ಎರಡನೆಯ ಚಾಂದಿಗೆ ಒಂಬತ್ತು ದಿನ ಉಳಿದಿದ್ದಾಗ, ಅಕಾರ್ಡಿಯನ್ನಿನಲ್ಲಿ ಉಳಿದಿದ್ದ ತಟ್ಟೆಗಳನ್ನು ವಿಂಗಡಿಸುತ್ತ ಕೂತಿದ್ದೆ. ಅವಕ್ಕೆ ನಾನು ಕೈ ಹಚ್ಚಿರಲಿಲ್ಲ, ಚರ್ಮ ಹಾಗೇ ಇತ್ತು. ಒಂದರ ಮೇಲೆ ಧೂಳು ಕೂತಿದ್ದನ್ನು ಕಂಡು ಉಫ್ ಎಂದೆ. ಅಷ್ಟೇ ಉಸಿರಿಗೆ ಅದು ತುಂಬಿ ನುಡಿಯಿತು. ಮತ್ತೆ, ಇನ್ನೂ ಮೆಲ್ಲಗೆ ಊದಿದೆ. ಮತ್ತೆ ನುಡಿಯಿತು. ತಿರುವಿ ನೋಡಿದೆ. ಊದಿದಾಗ ಒಂದು ನಾಲಿಗೆ ನುಡಿಯುತ್ತಿದ್ದರೆ, ಇನ್ನೊಂದರ ಸೀಳನ್ನು ಚರ್ಮ ಗಾಳಿಯ ಒತ್ತಡಕ್ಕೆ ತಾನೇ ಮುಚ್ಚುತ್ತಿತ್ತು. ಎಳೆದರೆ ಆ ಕಡೆಯದು ಮುಚ್ಚುತ್ತಿತ್ತು. ನಾನು ಆ ಬಾಗಿಲುಗಳನ್ನು ಕಿತ್ತು ಹಾಕಿದ್ದೆ. ಚಾಚಾ ಊದಿದ ಗಾಳಿಯಲ್ಲಿ ಅರ್ಧ ಆ ಸೀಳಿನಿಂದ ಸುಮ್ಮನೆ ಹೊರಗೆ ಹೋಗುತ್ತಿತ್ತು. ತಿದಿಯ ಮೇಜಿಗೆ ಗಾಳಿಯ ಬರ ಇಲ್ಲವಲ್ಲ, ಅದಕ್ಕೇ ಅಲ್ಲಿ ತಿಳಿದಿರಲಿಲ್ಲ.

ಗೊತ್ತಾದ ಕೂಡಲೇ ಚಾಚಾನ ನೆನಪಾಯಿತು ಎಂದು ಬರೆಯಲು ನನಗೂ ಆಸೆ. ಮೊದಲು ನೆನಪಾದದ್ದು ಜೀನಗಾರ. ಅಕಾರ್ಡಿಯನ್ ಕಾಣದೆ, ಚಾಚಾ ಬಾಯಲ್ಲಿ ಹೇಳಿದ್ದಷ್ಟನ್ನೇ ಕೇಳಿ, ಮನೆಯಲ್ಲಿ ಕೂತು ಇದನ್ನು ಯೋಚಿಸಿ ತಿಳಿದುಕೊಂಡಿದ್ದ. ಕೈಯಲ್ಲಿ ಹಿಡಿದು ನೋಡಿದ ನನಗೆ ತಿಳಿದಿರಲಿಲ್ಲ. ಆ ಉರಿಯಲ್ಲಿ ಊಟ ಮಾಡದೆ ಎದ್ದೆ.

ಹೊಸ ಚರ್ಮ ಕೂರಿಸುವುದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ದಿನ ಪ್ರಯತ್ನಪಟ್ಟೆ. ಚಪ್ಪಲಿಯ ಅಟ್ಟೆ ಕತ್ತರಿಸಿದ ಹಾಗೆ ಬಂತು. ಎರಡು ದಾರಿ ಇದ್ದವು. ಚಾಚಾನ ಎದೆ ದುರ್ಬಲ ಎಂಬ ಮಾತು ಹಾಗೇ ನಿಲ್ಲಲಿ ಎಂದು ಸುಮ್ಮನಿರುವುದು ಒಂದು, ಜೀನಗಾರನ ಅಂಗಡಿಯ ಮೆಟ್ಟಿಲು ಹತ್ತುವುದು ಇನ್ನೊಂದು. ಮಂಗಳವಾರ ಬೆಳಿಗ್ಗೆ ಚರ್ಮ ಇರುವ ಮೂರು ತಟ್ಟೆಗಳನ್ನು ಮಾದರಿಗೆಂದು ಮೇಜಿನ ಮೇಲೆ ಕೈಗೆ ಸಿಕ್ಕ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಕಲ್ಯಾಣಿಯ ಬಸ್ಸು ಹತ್ತಿದೆ.

ಮೊದಲು ಚಾಚಾನ ಮನೆಗೆ ಹೋದೆ. ಎದೆಗೆ ಬಿಸಿ ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದರು. ದಿನಾ ಬೆಳಿಗ್ಗೆ ಊದುತ್ತಾರೆ, ಆಮೇಲೆ ಮಧ್ಯಾಹ್ನದ ತನಕ ಕೆಮ್ಮುತ್ತಾರೆ ಎಂದು ಅವರ ಹೆಂಡತಿ ಹೇಳಿದರು. ಸಣ್ಣ ರಿಪೇರಿ ಇದೆ ಎಂದು ಹೇಳಿ ಪೇಟಿ ತೆಗೆದುಕೊಂಡು ಬಂದೆ. ಅಲ್ಲಿಯೂ ನಿಜ ಹೇಳಲಿಲ್ಲ.

ಜೀನಗಾರ ನನ್ನನ್ನು ನೋಡಿ ಎದ್ದು ನಿಂತು, ಬಾರಪ್ಪ ಎಂದು ಚಾಪೆ ಹಾಸಿದ. ಮುಚ್ಚಳದ ಮೇಲೆ ಕೊರೆದ ನನ್ನ ಹೆಸರನ್ನು ಓದಿದ, ಬೀಟೆಯ ಗೂಡುಗಳ ಮೇಲೆ ಬೆರಳಾಡಿಸಿ ತಲೆದೂಗಿದ. ನಾನು ಜೇಬಿನಿಂದ ಪೊಟ್ಟಣ ತೆಗೆದು ಕೊಟ್ಟೆ. ಬಿಚ್ಚಿ, ಮಾದರಿಯ ತಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದ. ಕಾಗದವನ್ನು ತೊಡೆಯ ಮೇಲೆ ಇಟ್ಟು ಸುಕ್ಕು ಬಿಡಿಸಿ ಮಡಚಿ ಇಟ್ಟುಕೊಂಡ. ಕಾಗದ ಬಿಸಾಡದಿರುವುದು ಉಸ್ತಾದರು ಕಲಿಸಿದ ಪಾಠ, ಅದರಲ್ಲಿ ನನಗೆ ಏನೂ ವಿಶೇಷ ಕಾಣಲಿಲ್ಲ. ಆಮೇಲೆ ಪೇಟಿಯ ತಟ್ಟೆಗಳ ಮೇಲಿದ್ದ ಚಾಕುವಿನ ಗೀರುಗಳನ್ನು ನೋಡಿದ.

"ಚರ್ಮ ಎಲ್ಲಿ ಹೋದ್ವು?"

"ಹಳೇವಿದ್ವು. ತಾವೇ ಉದುರಿದ್ವು," ಎಂದೆ.

"ನನ್ನ ಚೀಟಿ ಮುಟ್ಟಿತ್ತೇನು?"

"ಯಾವ ಚೀಟಿ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕತ್ತಿ ಮಸೆಯಲು ಕೂತ.

ಎರಡು ದಿನ ಎದುರುಬದುರು ಕೂತು ಕೆಲಸ ಮಾಡಿದೆವು. ಆಡಿನ ಮರಿಯ ಚರ್ಮವನ್ನು ಗಾಜಿನ ಮೇಲೆ ಹಾಸಿ, ಆ ಕಡೆಯ ಬೆಳಕು ಕಾಣುವ ತನಕ ಹೆರೆದ. ದಪ್ಪ ಇದ್ದರೆ ಉಸಿರಿನ ತೇವಕ್ಕೆ ಸುರುಳಿಯಾಗುತ್ತದೆ ಎಂದ. ಸೀಳಿಗಿಂತ ಒಂದು ಎಳೆ ಅಗಲವಾಗಿ ಮೂವತ್ತು ಪಟ್ಟಿ ಕತ್ತರಿಸಿ, ಒಂದು ತುದಿಗೆ ಮಾತ್ರ ಅರಗು ಹಚ್ಚಿ ಕೂರಿಸಿದ. ನಾನು ಮೇಣ ಕರಗಿಸಿ ತಟ್ಟೆಗಳನ್ನು ಮತ್ತೆ ಗೂಡಿಗೆ ಕಟ್ಟಿದೆ. ಚರ್ಮ ಕೂತ ಮೇಲೆ ಎಲ್ಲ ಸ್ವರಗಳೂ ಒಂದು ಕೂದಲು ಇಳಿದವು. ಅವನ ಕಿವಿಗೆ ಕೇಳಿಸಿತು, ನನಗೆ ಕೇಳಿಸಲಿಲ್ಲ. ಬಾಯಿಪೇಟಿಯನ್ನು ಬಾಯಲ್ಲೇ ಹೊಂದಿಸಬೇಕು, ಮೇಜಿನ ಮೇಲಲ್ಲ ಎಂದು ಒಂದೊಂದನ್ನೇ ಊದಿ ನೋಡಿ, ಒರೆಸಿ, ನೀನೂ ಊದು ಎಂದು ನನ್ನ ಕೈಗೆ ಕೊಟ್ಟ. ಅವನು ಬಾಯಿ ಇಟ್ಟಿದ್ದಕ್ಕೆ, ಅದೂ ಚರ್ಮ ಹಾಕಿದ್ದಕ್ಕೆ, ನಾನು ಬಾಯಿ ಇಡಬೇಕು. ತಡೆದೆ. ತಡೆದದ್ದನ್ನು ಅವನು ನೋಡಿದ. ಊದಿದೆ. ಎಷ್ಟು ಸಣ್ಣ ಉಸಿರಿಗೆ ನುಡಿಯಿತೆಂದರೆ ನನಗೇ ನಾಚಿಕೆಯಾಯಿತು.

ಗುರುವಾರ ಮಧ್ಯಾಹ್ನ ಉಸ್ತಾದರಿಗೆ ತೋರಿಸಲು ಹೋದೆವು. ಅವರಿಗೆ ಆಗ ಕಿವಿ ಪೂರಾ ಹೋಗಿತ್ತು. ಮರವನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಎಲುಬಿನಲ್ಲಿ ಬರುವ ಸ್ವರದಿಂದ ಪರೀಕ್ಷೆ ಮಾಡುತ್ತಿದ್ದರು. ಬಾಯಿಪೇಟಿಗೆ ಹಲ್ಲು ಕೊಟ್ಟು ಕಣ್ಣು ಮುಚ್ಚಿ ಹದಿನೈದನ್ನೂ ಊದಿದರು, ಎಳೆದರು. ಮುಚ್ಚಳದ ಮೇಲಿನ ಹೆಸರನ್ನು ಬೆರಳಿಂದ ಮುಟ್ಟಿ ಓದಿದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು.

"ಲಕಡಿವಾಲಾಗೂ ಕಿವಿ ಬಂದಾವ ಈಗ," ಎಂದರು.

ಜೀನಗಾರ ಚಹಾದ ಕಪ್ಪು ಹಿಡಿದು ಬಾಗಿಲ ಹತ್ತಿರ ನಿಂತಿದ್ದ. "ಹೌದ್ರಿ ಉಸ್ತಾದ್," ಎಂದ. ಏಳು ವರ್ಷ ಆ ಕೈಗಾಗಿ ಕಾದಿದ್ದೆ. ಬಂದಾಗ ಅದು ಯಾವಾಗ ಮೇಲೆದ್ದೀತೋ ಎಂದು ಕೂತಿದ್ದೆ.

ಸಂಜೆ ದರ್ಗಾದಲ್ಲಿ ಚಾಚಾ ತಮ್ಮ ಹಳೆಯ ಜಾಗದಲ್ಲಿ ಕೂತರು. ಬಲಗೈಯಲ್ಲಿ ಪೇಟಿ ಹಿಡಿದು, ಇನ್ನೊಂದು ತುದಿಗೆ ಮೊಂಡಾದ ಎಡಗೈಯನ್ನು ಒತ್ತಿ ಇಟ್ಟುಕೊಂಡರು. ಉಸಿರು ಸಾಲದೆಂದು ಹೆದರಿ ದೊಡ್ಡದಾಗಿ ಊದಿದರು. ಸ್ವರ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಬಂತು. ಬೆಚ್ಚಿ, ತಗ್ಗಿಸಿ ಊದಿದರು. ಮುಖ್ಯಸ್ಥರು ಸ್ವರ ಹಿಡಿದು ನಿಲ್ಲಿಸಿದ ಕಡೆಯಲ್ಲೆಲ್ಲ ಬಾಯಿಪೇಟಿ ಅದರ ಕೆಳಗೆ ನಿಂತಿತು. ಕಾಯಂ ಆಗಬೇಕಾಗಿದ್ದ ಹೊಸಬ ತನ್ನ ಪೇಟಿ ಮುಚ್ಚಿ ಚಪ್ಪಾಳೆ ಹೊಡೆದ. ಒಂದು ತಾಸು ಆದರೂ ಚಾಚಾ ಕೆಮ್ಮಲಿಲ್ಲ. ಇದನ್ನು ಮಾಡಿದವರು ಯಾರು ಎಂದು ಯಾರೋ ಕೇಳಿದಾಗ ಚಾಚಾ ನನ್ನ ಕಡೆ ಗದ್ದ ಎತ್ತಿ ತೋರಿಸಿದರು.

ಮರುದಿನ ಬೆಳಿಗ್ಗೆ ಮೊದಲು ಚಾಚಾನ ಮನೆಗೆ ಹೋಗಿ ಹೇಳಿದೆ. ನಿಮ್ಮ ಎದೆಯಲ್ಲಿ ಏನೂ ಕೊರತೆ ಇರಲಿಲ್ಲ, ತಪ್ಪು ನನ್ನದು ಎಂದೆ. ಅವರು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಹತ್ತು ದಿನ ಮೊದಲೇ ಹೇಳಿದ್ದರೆ ಇಷ್ಟು ಎಣ್ಣೆಯಾದರೂ ಉಳಿಯುತ್ತಿತ್ತು ಎಂದರು. ನಗಲಿಲ್ಲ.

ಬಸ್ ನಿಲ್ದಾಣದ ತನಕ ಜೀನಗಾರ ಜೊತೆಗೆ ಬಂದ. ಬಸ್ಸು ಬಂದು ನಿಂತ ಮೇಲೆ, ಇನ್ನು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಅನ್ನಿಸಿತು.

"ನಿನ್ನ ಚೀಟಿ ಮುಟ್ಟಿತ್ತು," ಎಂದೆ.

ಅವನು ಅಂಗಿಯ ಜೇಬಿನಿಂದ ಮಡಚಿದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟ. ಮೇಣದ ಬಟ್ಟಲಿನ ದುಂಡನೆಯ ಕಲೆ, ಅದರ ನಡುವೆ ಅವನದೇ ಚೆಂದದ ಉರ್ದು ಅಕ್ಷರದ ಎರಡು ಸಾಲು.

"ಗೊತ್ತದ," ಎಂದ. "ರೀಡು ಇದರಾಗೇ ಸುತ್ತಿಕೊಂಡು ಬಂದಿದ್ದಿ."

ಆಮೇಲೆ ನಾನು ಇನ್ನೂ ಎಂಟು ಬಾಯಿಪೇಟಿ ಮಾಡಿದೆ, ಎಂಟಕ್ಕೂ ಚರ್ಮ ಕೂರಿಸಿದವನು ಅವನೇ, ಮುಚ್ಚಳದ ಮೇಲೆ ಎರಡು ಹೆಸರು. ಹೊಟ್ಟೆಕಿಚ್ಚು ಅವತ್ತಿಗೆ ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನ ಕಿವಿ ನನಗೆ ಬರಲಿಲ್ಲವಲ್ಲ ಎಂದು ಅಲ್ಲಿಯವರೆಗೆ ಉರಿಯುತ್ತಿದ್ದೆ. ಆ ಬಸ್ಸು ದಾರಿಯ ರಾಜೇಶ್ವರ ಊರನ್ನು ದಾಟುವ ತನಕ ನಾನು ಉರಿದದ್ದು ಬೇರೆಯದಕ್ಕೆ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಎರಡು ದಿನ ನನ್ನೆದುರು ಸುಮ್ಮನೆ ಕೂತು ಮೂವತ್ತು ಪಟ್ಟಿ ಕತ್ತರಿಸಿದನಲ್ಲ, ಅದಕ್ಕೆ.